ಜಿನೋವಾ ಜಿ-8 ಮೊಕದ್ದಮೆಗಳು

ಜಿನೋವಾ ಜಿ-8 ಮೊಕದ್ದಮೆಗಳು: 2001ರ ಜುಲೈನಲ್ಲಿ ಇಟಲಿಯ ಬಂದರು ನಗರ ಜಿನೋವಾದಲ್ಲಿ ನಡೆದ ಜಿ-8 ಶೃಂಗಸಭೆಯ ವಿರುದ್ಧ ಪ್ರತಿಭಟಿಸಿದವರ ಮೇಲೆ ಪೊಲೀಸರು ದೌರ್ಜನ್ಯ ಎಸಗಿದರು. ಅದಕ್ಕೆ ನ್ಯಾಯ ಕೇಳಿ ಇಟಲಿಯ ನ್ಯಾಯಾಲಯಗಳಲ್ಲೂ ಸ್ಟ್ರಾಸ್‌ಬರ್ಗ್‌ನ ಐರೋಪ್ಯ ಮಾನವ ಹಕ್ಕುಗಳ ನ್ಯಾಯಾಲಯದಲ್ಲೂ ಹದಿನಾರು ವರ್ಷಕ್ಕೂ ಹೆಚ್ಚು ಕಾಲ ನಡೆದ ವ್ಯಾಜ್ಯಗಳಿಗೆ ಒಟ್ಟಾಗಿ ಈ ಹೆಸರು ಸಲ್ಲುತ್ತದೆ. ಎರಡನೆಯ ಮಹಾಯುದ್ಧದ ನಂತರದ ಪಶ್ಚಿಮ ಯುರೋಪಿನಲ್ಲಿ ಒಂದು ಪ್ರಜಾಪ್ರಭುತ್ವ ದೇಶದ ಪೊಲೀಸ್ ಇಲಾಖೆ ಇಷ್ಟು ದೀರ್ಘಕಾಲ, ಇಷ್ಟು ಮೇಲಿನ ಹಂತದ ಅಧಿಕಾರಿಗಳವರೆಗೆ ಕಟಕಟೆಯಲ್ಲಿ ನಿಂತ ನಿದರ್ಶನಗಳು ವಿರಳ. ಈ ಮೊಕದ್ದಮೆಗಳಲ್ಲಿ ಸತ್ಯ ಸಾಬೀತಾಯಿತು. ಶಿಕ್ಷೆ ಮಾತ್ರ ಆಗಬೇಕಾದ ಅಪರಾಧಕ್ಕೆ ಆಗಲಿಲ್ಲ.

ಹಿನ್ನೆಲೆ

1990ರ ದಶಕದ ಕೊನೆಯಲ್ಲಿ ಜಾಗತೀಕರಣ ವಿರೋಧಿ ಚಳವಳಿ ಖಂಡಗಳನ್ನು ದಾಟಿ ಬೆಳೆದಿತ್ತು. ಅದರಲ್ಲಿ ಕರ್ನಾಟಕದ ಪಾಲೂ ಇತ್ತು. 1998ರಲ್ಲಿ ಜಿನೀವಾದಲ್ಲಿ ಹುಟ್ಟಿದ ಪೀಪಲ್ಸ್ ಗ್ಲೋಬಲ್ ಆ್ಯಕ್ಷನ್ ಎಂಬ ಜಾಲವನ್ನು ಕಟ್ಟಿದವರಲ್ಲಿ ಪ್ರೊ. ಎಂ. ಡಿ. ನಂಜುಂಡಸ್ವಾಮಿ ಅವರ ಕರ್ನಾಟಕ ರಾಜ್ಯ ರೈತ ಸಂಘವೂ ಸೇರಿತ್ತು. 1999ರ ಬೇಸಿಗೆಯಲ್ಲಿ ಭಾರತದ ನೂರಾರು ರೈತರು ಯುರೋಪಿನುದ್ದಕ್ಕೂ ಜಾಥಾ ನಡೆಸಿ, ಜರ್ಮನಿಯ ಕೋಲ್ನ್‌ನಲ್ಲಿ ಸೇರಿದ್ದ ಜಿ-8 ಸಭೆಯ ವಿರುದ್ಧ ಪ್ರತಿಭಟಿಸಿದರು. ಅದೇ ವರ್ಷದ ಆಗಸ್ಟ್‌ನಲ್ಲಿ ಜಾಲದ ಎರಡನೆಯ ಸಮ್ಮೇಳನ ಬೆಂಗಳೂರಿನಲ್ಲಿ ನಡೆಯಿತು. ಜಿನೋವಾದ ಬೀದಿಗಿಳಿದ ಇಟಲಿಯ ಸಂಘಟನೆಗಳಲ್ಲಿ ಕೆಲವು ಇದೇ ಜಾಲದ ಒಡನಾಡಿಗಳು.

2001ರ ಜುಲೈ 20ರಿಂದ 22ರವರೆಗೆ ಜಿ-8 ನಾಯಕರು ಜಿನೋವಾದ ಪಲಾತ್ಸೊ ಡ್ಯುಕಾಲೆ ಅರಮನೆಯಲ್ಲಿ ಸೇರಿದರು. ಸಿಲ್ವಿಯೊ ಬೆರ್ಲುಸ್ಕೋನಿ ಅವರ ಸರ್ಕಾರ ಅಧಿಕಾರಕ್ಕೆ ಬಂದು ತಿಂಗಳು ಕಳೆದಿತ್ತಷ್ಟೆ. ಹಳೆಯ ಊರಿನ ಸುತ್ತ ಎತ್ತರದ ಉಕ್ಕಿನ ಬೇಲಿ ಕಟ್ಟಿ ಅದನ್ನು ‘ಕೆಂಪು ವಲಯ’ ಎಂದು ಘೋಷಿಸಲಾಯಿತು. ಹೊರಗೆ ಜಿನೋವಾ ಸೋಶಿಯಲ್ ಫೋರಂ ಎಂಬ ಒಕ್ಕೂಟದಡಿ ನೂರಾರು ಸಂಘಟನೆಗಳು ನೆರೆದವು. ಚರ್ಚಿನ ಗುಂಪುಗಳು, ಕಾರ್ಮಿಕ ಸಂಘಗಳು, ಪರಿಸರವಾದಿಗಳು, ಎಡಪಂಥೀಯರು, ಅರಾಜಕತಾವಾದಿಗಳು ಎಲ್ಲರೂ ಅಲ್ಲಿದ್ದರು. ಕಪ್ಪು ಬಟ್ಟೆಯಲ್ಲಿ ಬಂದ ಕೆಲವು ಗುಂಪುಗಳು ಬ್ಯಾಂಕುಗಳ ಗಾಜು ಒಡೆದವು, ವಾಹನಗಳಿಗೆ ಬೆಂಕಿ ಹಚ್ಚಿದವು. ಇದು ನಿಜ, ಮುಚ್ಚಿಡಬೇಕಾದ ವಿಷಯವಲ್ಲ. ಆದರೆ ಪೊಲೀಸರ ಏಟು ಬಿದ್ದದ್ದು ಹೆಚ್ಚಾಗಿ ಆ ಗುಂಪುಗಳ ಮೇಲಲ್ಲ. ಜುಲೈ 20ರ ಮಧ್ಯಾಹ್ನ ತೊಲೆಮಾಯ್ದೆ ಬೀದಿಯಲ್ಲಿ ಅನುಮತಿ ಪಡೆದು ಸಾಗುತ್ತಿದ್ದ ಮೆರವಣಿಗೆಯ ಮೇಲೆ ಕರಬಿನಿಯೇರಿ ಅರೆಸೇನಾ ಪಡೆ ಅಶ್ರುವಾಯು ಸಿಡಿಸಿ ನುಗ್ಗಿತು. ಆ ದಾಳಿ ಕಾನೂನುಬಾಹಿರವಾಗಿತ್ತೆಂದು ಜಿನೋವಾದ ನ್ಯಾಯಾಲಯ ಆರು ವರ್ಷಗಳ ನಂತರ ಹೇಳಿತು.

ಅಲಿಮೊಂಡ ಚೌಕದ ಸಾವು

ಆ ದಾಳಿಯಿಂದ ಹೊತ್ತಿಕೊಂಡ ಘರ್ಷಣೆಯಲ್ಲೇ ಅಂದು ಸಂಜೆ ಅಲಿಮೊಂಡ ಚೌಕದಲ್ಲಿ 23 ವರ್ಷದ ಕಾರ್ಲೊ ಜೂಲಿಯಾನಿ ಸತ್ತುಬಿದ್ದರು. ಸಿಕ್ಕಿಹಾಕಿಕೊಂಡಿದ್ದ ಕರಬಿನಿಯೇರಿ ಜೀಪಿನೊಳಗಿಂದ ಒಬ್ಬ ಯುವ ಪೇದೆ ಹಾರಿಸಿದ ಗುಂಡು ಅವರ ತಲೆಗೆ ಬಡಿಯಿತು. ಅವರ ಕೈಯಲ್ಲಿ ಬೆಂಕಿ ಆರಿಸುವ ಸಿಲಿಂಡರ್ ಇತ್ತು. ನೆಲಕ್ಕುರುಳಿದ ದೇಹದ ಮೇಲೆ ಜೀಪು ಹಿಂದಕ್ಕೂ ಮುಂದಕ್ಕೂ ಹಾಯಿತು.

ಈ ಸಾವಿನ ಬಗ್ಗೆ ಬಹಿರಂಗ ವಿಚಾರಣೆ ನಡೆಯಲೇ ಇಲ್ಲ. ಮೇಲಕ್ಕೆ ಹಾರಿಸಿದ ಗುಂಡು ಗಾಳಿಯಲ್ಲಿ ಹಾರಿಬರುತ್ತಿದ್ದ ಕಲ್ಲಿಗೆ ತಾಗಿ ದಿಕ್ಕು ಬದಲಿಸಿತು ಎಂಬ ತಜ್ಞರ ವರದಿಯನ್ನು ಒಪ್ಪಿಕೊಂಡ ನ್ಯಾಯಾಧೀಶರು, ಪೇದೆಯ ಕೃತ್ಯ ಆತ್ಮರಕ್ಷಣೆಯ ವ್ಯಾಪ್ತಿಗೆ ಬರುತ್ತದೆಂದು 2003ರ ಮೇನಲ್ಲಿ ಪ್ರಕರಣವನ್ನು ಮುಕ್ತಾಯಗೊಳಿಸಿದರು. ಕಾರ್ಲೊ ಅವರ ತಾಯಿ ಹೈದಿ ಗಾಜ್ಜೊ ಜೂಲಿಯಾನಿ ಮುಂದೆ 2006ರಲ್ಲಿ ಸೆನೆಟ್ ಸದಸ್ಯರಾದರು. ಕುಟುಂಬ ಸ್ಟ್ರಾಸ್‌ಬರ್ಗ್‌ನ ಮೆಟ್ಟಿಲೇರಿತು. ಶವಪರೀಕ್ಷೆ ಸಮರ್ಪಕವಾಗಿರಲಿಲ್ಲ, ಅಂದಿನ ಪೊಲೀಸ್ ವ್ಯವಸ್ಥೆಯ ಲೋಪಗಳನ್ನು ಯಾರೂ ತನಿಖೆ ಮಾಡಲಿಲ್ಲ ಎಂದು 2009ರ ಆಗಸ್ಟ್‌ನಲ್ಲಿ ಅಲ್ಲಿನ ಕೆಳಪೀಠ ಇಟಲಿಯನ್ನು ದೋಷಿಯೆಂದಿತು. 2011ರ ಮಾರ್ಚ್ 24ರಂದು ಮಹಾಪೀಠ ಅದನ್ನೂ ತಳ್ಳಿಹಾಕಿತು. ಜಿನೋವಾದ ಈ ವ್ಯಾಜ್ಯದಲ್ಲಿ ದೂರುದಾರರು ಸಂಪೂರ್ಣವಾಗಿ ಸೋತರು, ಅದೂ ಒಬ್ಬ ಮನುಷ್ಯ ಪ್ರಾಣ ಕಳೆದುಕೊಂಡ ಪ್ರಕರಣದಲ್ಲಿ.

ಡಿಯಾಜ್ ಶಾಲೆ

ಜುಲೈ 21ರ ಬೃಹತ್ ಮೆರವಣಿಗೆ ಮುಗಿದು ಜನ ಊರುಗಳಿಗೆ ಹಿಂದಿರುಗುತ್ತಿದ್ದರು. ನಗರಾಡಳಿತ ಸೋಶಿಯಲ್ ಫೋರಂಗೆ ಬಿಟ್ಟುಕೊಟ್ಟಿದ್ದ ಡಿಯಾಜ್ ಶಾಲೆಯ ಎರಡು ಕಟ್ಟಡಗಳಲ್ಲಿ ಒಂದು ಮಾಧ್ಯಮ ಕೇಂದ್ರವಾಗಿತ್ತು. ವಕೀಲರೂ ವೈದ್ಯರೂ ಅಲ್ಲೇ ಇದ್ದರು. ಎದುರಿನ ಕಟ್ಟಡದಲ್ಲಿ ರಾತ್ರಿ ತಂಗುವವರು ಹಾಸಿಗೆ ಚೀಲ ಬಿಚ್ಚಿ ಮಲಗುವ ತಯಾರಿಯಲ್ಲಿದ್ದರು. ನಡುರಾತ್ರಿಯ ಹೊತ್ತಿಗೆ ಮುನ್ನೂರಕ್ಕೂ ಹೆಚ್ಚು ಪೊಲೀಸರು ಗೇಟು ಮುರಿದು ಒಳನುಗ್ಗಿದರು. ಶಾಲೆಯ ಮುಂದೆ ಹಾದುಹೋದ ಪೊಲೀಸ್ ವಾಹನಗಳ ಮೇಲೆ ಕಲ್ಲು ಬಿದ್ದವು, ಒಳಗೆ ಹಿಂಸಾಚಾರಿಗಳು ಆಯುಧ ಸಮೇತ ಅಡಗಿದ್ದಾರೆ ಎಂಬುದು ಅವರು ಕೊಟ್ಟ ಕಾರಣ. ವಾರಂಟ್ ಇರಲಿಲ್ಲ. ಆಯುಧದ ಶಂಕೆಯಿದ್ದರೆ ವಾರಂಟ್ ಇಲ್ಲದೆಯೇ ಶೋಧಿಸಬಹುದೆನ್ನುವ, ಮುಸೊಲಿನಿ ಕಾಲದ 1931ರ ಪೊಲೀಸ್ ಸಂಹಿತೆಯ 41ನೇ ಕಲಮನ್ನು ಮುಂದಿಟ್ಟುಕೊಂಡು ಬಂದಿದ್ದರು.

ಒಳಗಿದ್ದವರು ಕೈ ಮೇಲೆತ್ತಿ ನಿಂತಿದ್ದರು, ಇಲ್ಲವೇ ಮಲಗಿದ್ದರು. ಪೊಲೀಸರು ಕೆಳಮಹಡಿಯಿಂದ ಮೇಲಿನ ಮಹಡಿಯವರೆಗೆ ಸಾಲಾಗಿ ಬಡಿಯುತ್ತ ಹೋದರು. 93 ಜನರನ್ನು ಬಂಧಿಸಲಾಯಿತು. ಅವರಲ್ಲಿ 60ಕ್ಕೂ ಹೆಚ್ಚು ಮಂದಿ ಆಸ್ಪತ್ರೆ ಸೇರಿದರು, ಕೆಲವರ ಸ್ಥಿತಿ ಚಿಂತಾಜನಕವಾಗಿತ್ತು. ಗೇಟಿನ ಹೊರಗೆ ಒಬ್ಬ ಬ್ರಿಟಿಷ್ ಪತ್ರಕರ್ತರನ್ನು ಪಕ್ಕೆಲುಬು ಮುರಿದು ಶ್ವಾಸಕೋಶಕ್ಕೆ ಪೆಟ್ಟಾಗಿ ಪ್ರಜ್ಞೆ ತಪ್ಪುವಂತೆ ಹೊಡೆದಿದ್ದರು. ಒಳಗಿದ್ದವರಲ್ಲಿ ಹಿರಿಯರು ಅರ್ನಾಲ್ದೊ ಚೆಸ್ತಾರೊ. ವಯಸ್ಸು 62. ಗೋಡೆಗೊರಗಿ ಕೈಯೆತ್ತಿ ಕುಳಿತಿದ್ದ ಅವರ ಕೈ, ಕಾಲು, ಪಕ್ಕೆಲುಬುಗಳ ಮೂಳೆ ಮುರಿದವು. ಬಲಗೈ ಮತ್ತು ಬಲಗಾಲಿನ ಶಕ್ತಿ ಮತ್ತೆಂದೂ ಪೂರ್ತಿ ಮರಳಲಿಲ್ಲ.

ಮರುದಿನ ಬೆಳಿಗ್ಗೆ ಪೊಲೀಸರು ಪತ್ರಿಕಾಗೋಷ್ಠಿ ಕರೆದು ‘ವಶಪಡಿಸಿಕೊಂಡ ಆಯುಧ’ಗಳನ್ನು ಮೇಜಿನ ಮೇಲೆ ಜೋಡಿಸಿಟ್ಟರು. ಅದರಲ್ಲಿ ದುರಸ್ತಿ ಕೆಲಸ ನಡೆಯುತ್ತಿದ್ದ ಆ ಶಾಲೆಯ ಗುದ್ದಲಿ ಪಿಕಾಸಿಗಳೂ ಇದ್ದವು. ಎಲ್ಲಕ್ಕಿಂತ ಮುಖ್ಯವಾಗಿ, ಪೆಟ್ರೋಲ್ ತುಂಬಿದ ಎರಡು ಮೊಲೊಟೊವ್ ಬಾಟಲಿಗಳಿದ್ದವು. 93 ಜನರ ಮೇಲೆ ಕ್ರಿಮಿನಲ್ ಕೂಟದ ಆರೋಪ ಹೊರಿಸಲು ಆಧಾರವಾದದ್ದು ಆ ಬಾಟಲಿಗಳೇ.

ಸಾಕ್ಷ್ಯ ಕಟ್ಟಿದ ಬಗೆ

ಪೊಲೀಸರ ಮೇಲಿನ ದೂರನ್ನು ಪೊಲೀಸರೇ ತನಿಖೆ ಮಾಡಬೇಕಾದಾಗ ಏನಾಗುತ್ತದೆ ಎಂಬುದನ್ನು ಜಿನೋವಾ ಸ್ಪಷ್ಟವಾಗಿ ತೋರಿಸಿತು. ಪ್ರಾಸಿಕ್ಯೂಟರ್‌ಗಳಾದ ಎನ್ರಿಕೊ ಜುಕ್ಕಾ ಮತ್ತು ಫ್ರಾಂಚೆಸ್ಕೊ ಕಾರ್ದೋನಾ ಅಲ್ಬಿನಿ ಇಲಾಖೆಯ ನೆರವಿಲ್ಲದೆ, ಬಹುತೇಕ ಅದರ ವಿರೋಧದ ನಡುವೆಯೇ ಕೆಲಸ ಮಾಡಬೇಕಾಯಿತು. ದಾಳಿಯಲ್ಲಿದ್ದವರ ಭಾವಚಿತ್ರ ಕೇಳಿದರೆ ಹಳೆಯ ಕಾಲದ, ಗುರುತು ಸಿಗದ ಚಿತ್ರಗಳು ಬಂದವು. ಪೇದೆಗಳು ಹೆಲ್ಮೆಟ್ ಹಾಕಿದ್ದರು, ಹಲವರು ಮುಖ ಮುಚ್ಚಿಕೊಂಡಿದ್ದರು, ಹೆಲ್ಮೆಟ್ ಮೇಲೆ ಸಂಖ್ಯೆಯಿರಲಿಲ್ಲ. ಬಂಧನದ ಮಹಜರಿಗೆ ಬಿದ್ದಿದ್ದ ಸಹಿಗಳಲ್ಲಿ ಒಂದು ಯಾರದೆಂದು ಕೊನೆಗೂ ಪತ್ತೆಯಾಗಲಿಲ್ಲ. ತನ್ನದೇ ದಾಖಲೆಗೆ ಯಾರು ಸಹಿ ಹಾಕಿದರೆಂದು ಒಂದು ಪೊಲೀಸ್ ಇಲಾಖೆ ಹೇಳಲಾರದು ಎಂಬುದನ್ನು ನಂಬುವುದು ಕಷ್ಟ.

ಈ ಗೋಡೆಯನ್ನು ಒಡೆದದ್ದು ಕ್ಯಾಮೆರಾಗಳು. ಶೃಂಗಸಭೆಗೆ ಬಂದಿದ್ದ ನೂರಾರು ಪತ್ರಕರ್ತರು, ಹವ್ಯಾಸಿಗಳು, ಎದುರು ಕಟ್ಟಡದ ಮಾಧ್ಯಮ ಕಾರ್ಯಕರ್ತರು ತೆಗೆದ ದೃಶ್ಯಗಳನ್ನು ವಕೀಲರ ತಂಡವೂ ಸ್ವಯಂಸೇವಕರೂ ನಿಮಿಷ ನಿಮಿಷಕ್ಕೆ ಹೊಂದಿಸಿ ಒಂದು ಕಾಲಸೂಚಿ ಕಟ್ಟಿದರು. ಸ್ಥಳೀಯ ಟಿವಿ ವಾಹಿನಿಯೊಂದರ ದೃಶ್ಯದಲ್ಲಿ, ಶಾಲೆಯ ಅಂಗಳದಲ್ಲಿ ಗುಂಪಾಗಿ ನಿಂತ ಹಿರಿಯ ಅಧಿಕಾರಿಗಳ ಕೈಯಲ್ಲಿ ನೀಲಿ ಪ್ಲಾಸ್ಟಿಕ್ ಚೀಲವೊಂದು ಕಂಡಿತು. ಅದರೊಳಗೆ ಇದ್ದದ್ದು ಆ ಎರಡು ಬಾಟಲಿಗಳು. ಅವು ಶಾಲೆಯೊಳಗೆ ಸಿಕ್ಕವಲ್ಲ, ಹೊರಗಿನಿಂದ ತಂದವು. ಆ ಬಾಟಲಿಗಳನ್ನು ಅದೇ ದಿನ ಬೀದಿಯ ಪೊದೆಯಲ್ಲಿ ಕಂಡು ವಶಕ್ಕೆ ತೆಗೆದುಕೊಂಡವನು ತಾನೇ ಎಂದು ಒಬ್ಬ ಪೊಲೀಸ್ ಅಧಿಕಾರಿ ಹೇಳಿಕೆ ಕೊಟ್ಟಾಗ ಸುಳ್ಳು ಪೂರ್ತಿ ಬಯಲಾಯಿತು. ಬಂಧಿತ 93 ಜನರ ಮೇಲಿನ ಆರೋಪಗಳು ಬಿದ್ದುಹೋದವು. ವಿಚಾರಣೆ ನಡೆಯುತ್ತಿರುವಾಗಲೇ, 2007ರಲ್ಲಿ, ಆ ಬಾಟಲಿಗಳು ಪೊಲೀಸರ ವಶದಿಂದಲೇ ಕಾಣೆಯಾಗಿರುವುದು ನ್ಯಾಯಾಲಯಕ್ಕೆ ತಿಳಿಯಿತು.

ಅದೇ ವರ್ಷದ ಜೂನ್‌ನಲ್ಲಿ ದಾಳಿಯ ಮುಂಚೂಣಿಯಲ್ಲಿದ್ದ ರೋಮ್ ತುಕಡಿಯ ಉಪನಾಯಕ ಮಿಕೆಲಾಂಜೆಲೊ ಫೂರ್ನಿಯೆ ಸಾಕ್ಷಿಕಟ್ಟೆಯಲ್ಲಿ ಬಾಯಿಬಿಟ್ಟರು. ಒಳಗಿನ ದೃಶ್ಯ ಕಸಾಯಿಖಾನೆಯಂತಿತ್ತೆಂದು ಒಪ್ಪಿಕೊಂಡರು. ಇಲಾಖೆಯ ಮೇಲಿನ ನಿಷ್ಠೆಯಿಂದ ಅಲ್ಲಿಯವರೆಗೆ ಸುಮ್ಮನಿದ್ದೆ ಎಂದರು. ಆ ಮೌನವೇ ಈ ಮೊಕದ್ದಮೆಯ ನಿಜವಾದ ಎದುರಾಳಿಯಾಗಿತ್ತು. ಸಂಸತ್ತೂ ಅದನ್ನು ಮುರಿಯಲು ಮನಸ್ಸು ಮಾಡಲಿಲ್ಲ. ಅಧಿಕಾರವುಳ್ಳ ವಿಚಾರಣಾ ಆಯೋಗ ಬೇಕೆಂಬ ಪ್ರಸ್ತಾವ 2007ರಲ್ಲಿ ಸದನ ಸಮಿತಿಯ ಹಂತದಲ್ಲೇ ಬಿತ್ತು.

ಇಟಲಿಯ ತೀರ್ಪುಗಳು

ಡಿಯಾಜ್ ವಿಚಾರಣೆ 2005ರ ಏಪ್ರಿಲ್‌ನಲ್ಲಿ ಆರಂಭವಾಯಿತು. 2008ರ ನವೆಂಬರ್ 13ರಂದು ಬಂದ ಮೊದಲ ತೀರ್ಪು 13 ಜನರಿಗೆ ಶಿಕ್ಷೆ ವಿಧಿಸಿ 16 ಜನರನ್ನು ಖುಲಾಸೆ ಮಾಡಿತು. ಖುಲಾಸೆಯಾದವರಲ್ಲಿ ಉನ್ನತ ಅಧಿಕಾರಿಗಳೆಲ್ಲರೂ ಇದ್ದರು. ತೀರ್ಪು ಓದಿ ಮುಗಿಯುತ್ತಿದ್ದಂತೆ ಸಭಾಂಗಣದಲ್ಲಿ ‘ನಾಚಿಕೆಗೇಡು’ ಎಂಬ ಕೂಗೆದ್ದಿತು. ಪ್ರಾಸಿಕ್ಯೂಟರ್‌ಗಳು ಬಿಡಲಿಲ್ಲ. 2010ರ ಮೇ 18ರಂದು ಮೇಲ್ಮನವಿ ನ್ಯಾಯಾಲಯ ಆ ತೀರ್ಪನ್ನು ತಲೆಕೆಳಗು ಮಾಡಿ 25 ಜನರನ್ನು ಅಪರಾಧಿಗಳೆಂದಿತು. 2012ರ ಜುಲೈ 5ರಂದು ಸರ್ವೋಚ್ಚ ನ್ಯಾಯಾಲಯವಾದ ಕಸ್ಸೇಶನ್ ನ್ಯಾಯಾಲಯ ಅದನ್ನು ಮುಖ್ಯವಾಗಿ ಎತ್ತಿಹಿಡಿಯಿತು.

ಶಿಕ್ಷೆಗೊಳಗಾದವರು ಸಣ್ಣವರಲ್ಲ. ಫ್ರಾಂಚೆಸ್ಕೊ ಗ್ರಾತ್ತೆರಿ ದೇಶದ ಅಪರಾಧ ನಿಗ್ರಹ ವಿಭಾಗದ ಮುಖ್ಯಸ್ಥರಾಗಿದ್ದರು, ಜೊವಾನ್ನಿ ಲುಪೆರಿ ಬೇಹುಗಾರಿಕೆ ಸಂಸ್ಥೆಯಲ್ಲಿ ಉನ್ನತ ಹುದ್ದೆಯಲ್ಲಿದ್ದರು. ಇಬ್ಬರಿಗೂ 4 ವರ್ಷ. ಇನ್ನೊಬ್ಬ ಹಿರಿಯ ಪೊಲೀಸ್ ಅಧಿಕಾರಿ ಜಿಲ್ಬೆರ್ತೊ ಕಾಲ್ದಾರೊತ್ಸಿ ಅವರಿಗೆ 3 ವರ್ಷ 8 ತಿಂಗಳು. ಮಾಫಿಯಾ ಬೇಟೆಯಲ್ಲಿ ಹೆಸರು ಮಾಡಿದ್ದ ಈ ಅಧಿಕಾರಿಗಳು 2001ರಿಂದ 2012ರವರೆಗೆ, ಆರೋಪ ಹೊತ್ತಿರುವಾಗಲೇ, ಬಡ್ತಿಯ ಮೇಲೆ ಬಡ್ತಿ ಪಡೆದಿದ್ದರು. ಅಂತಿಮ ತೀರ್ಪು ಅವರನ್ನು ಐದು ವರ್ಷ ಸಾರ್ವಜನಿಕ ಹುದ್ದೆಯಿಂದ ಹೊರಗಿಟ್ಟಿತು. ಪೊಲೀಸ್ ಮುಖ್ಯಸ್ಥ ಅಂತೋನಿಯೊ ಮಂಗನೆಲ್ಲಿ ಕ್ಷಮೆ ಕೇಳಿದರು, ಹನ್ನೊಂದು ವರ್ಷ ತಡವಾಗಿ. 2001ರಲ್ಲಿ ಪೊಲೀಸ್ ಮುಖ್ಯಸ್ಥರಾಗಿದ್ದ ಜಾನ್ನಿ ದೆ ಜೆನ್ನಾರೊ ಅವರ ಮೇಲೆ ಸುಳ್ಳು ಸಾಕ್ಷ್ಯಕ್ಕೆ ಪ್ರೇರೇಪಿಸಿದ ಆರೋಪವಿತ್ತು. ಮೇಲ್ಮನವಿಯಲ್ಲಿ ಶಿಕ್ಷೆಯಾದರೂ 2011ರಲ್ಲಿ ಕಸ್ಸೇಶನ್ ನ್ಯಾಯಾಲಯ ಅವರನ್ನು ಖುಲಾಸೆ ಮಾಡಿತು.

ಆದರೆ ಈ ಶಿಕ್ಷೆ ಯಾವ ಅಪರಾಧಕ್ಕೆ ಎಂಬುದನ್ನು ನೋಡಬೇಕು. ಅದು ಜನರನ್ನು ಹೊಡೆದದ್ದಕ್ಕೆ ಅಲ್ಲ, ಸುಳ್ಳು ಮಹಜರು ಬರೆದದ್ದಕ್ಕೆ. ಇಟಲಿಯಲ್ಲಿ ಅಪರಾಧ ನಡೆದು ಇಂತಿಷ್ಟು ವರ್ಷದೊಳಗೆ ಅಂತಿಮ ತೀರ್ಪು ಬಾರದಿದ್ದರೆ ಮೊಕದ್ದಮೆಯೇ ಸತ್ತುಹೋಗುತ್ತಿತ್ತು. ಮೊಕದ್ದಮೆ ಹೂಡಿದ ಮಾತ್ರಕ್ಕೆ ಗಡಿಯಾರ ನಿಲ್ಲುತ್ತಿರಲಿಲ್ಲ. ಮೇಲ್ಮನವಿಯ ಕಾಲವೂ ಲೆಕ್ಕಕ್ಕೆ ಸೇರುತ್ತಿತ್ತು. ಗಾಯಪಡಿಸಿದ ಅಪರಾಧದ ಕಾಲಮಿತಿ ಹೀಗೆ ಮುಗಿದುಹೋಯಿತು. ಸುಳ್ಳು ದಾಖಲೆ ಸೃಷ್ಟಿಯ ಕಾಲಮಿತಿ ದೊಡ್ಡದಿದ್ದುದರಿಂದ ಅದೊಂದು ಉಳಿಯಿತು. 2006ರ ಸಾಮೂಹಿಕ ಕ್ಷಮಾದಾನ ಕಾನೂನು ಉಳಿದ ಶಿಕ್ಷೆಯಲ್ಲೂ ಮೂರು ವರ್ಷ ಕಡಿದುಹಾಕಿತು. ಡಿಯಾಜ್ ಶಾಲೆಯಲ್ಲಿ ಲಾಠಿ ಬೀಸಿದ ಯಾವ ಪೊಲೀಸನೂ ಆ ಏಟಿಗಾಗಿ ಅಂತಿಮ ಶಿಕ್ಷೆ ಅನುಭವಿಸಲಿಲ್ಲ.

ಬೋಲ್ಜಾನೆತೊ ಠಾಣೆಯ ಕಥೆ ಇದಕ್ಕಿಂತ ಕರಾಳ. ಬೀದಿಯಲ್ಲೂ ಡಿಯಾಜ್‌ನಲ್ಲೂ ಬಂಧಿತರಾದ ನೂರಾರು ಜನರನ್ನು ಕರೆದೊಯ್ದದ್ದು ಊರಾಚೆಯ ಈ ಪೊಲೀಸ್ ಬ್ಯಾರಕ್‌ಗೆ. ಗಾಯಗೊಂಡವರನ್ನು ಕಾಲಗಲಿಸಿ ಗೋಡೆಗೆ ಮುಖ ಮಾಡಿ ಗಂಟೆಗಟ್ಟಲೆ ನಿಲ್ಲಿಸಿದರು, ಫ್ಯಾಸಿಸ್ಟ್ ಘೋಷಣೆ ಕೂಗಿಸಿದರು, ಹೆಣ್ಣುಮಕ್ಕಳಿಗೆ ಅತ್ಯಾಚಾರದ ಬೆದರಿಕೆ ಹಾಕಿದರು. ವಕೀಲರನ್ನೂ ಮನೆಯವರನ್ನೂ ಸಂಪರ್ಕಿಸಲು ಬಿಡಲಿಲ್ಲ. ಆರೋಪಿಗಳಲ್ಲಿ ಜೈಲಿನ ವೈದ್ಯರೂ ಇದ್ದರು. 2008ರ ಜುಲೈನಲ್ಲಿ 45 ಆರೋಪಿಗಳ ಪೈಕಿ 15 ಜನರಿಗೆ ಶಿಕ್ಷೆಯಾಯಿತು. 2010ರ ಮಾರ್ಚ್‌ನಲ್ಲಿ ಮೇಲ್ಮನವಿ ನ್ಯಾಯಾಲಯ ಬಹುತೇಕ ಎಲ್ಲರನ್ನೂ ಹೊಣೆಗಾರರೆಂದು ಹೇಳಿ ಪರಿಹಾರ ಕೊಡಲು ಆದೇಶಿಸಿತು. ಕಾಲಮಿತಿ ಮೀರಿದ್ದರಿಂದ ಶಿಕ್ಷೆಯ ಪಟ್ಟಿಯಲ್ಲಿ 7 ಜನರಷ್ಟೇ ಉಳಿದರು. 2013ರ ಜೂನ್‌ನಲ್ಲಿ ಕಸ್ಸೇಶನ್ ನ್ಯಾಯಾಲಯವೂ ಅಷ್ಟಕ್ಕೇ ಮುದ್ರೆಯೊತ್ತಿತು. ಸಂತ್ರಸ್ತರಿಗೆ ತೆತ್ತ ಪರಿಹಾರವನ್ನು ಈ ಅಧಿಕಾರಿಗಳು ಸರ್ಕಾರಕ್ಕೆ ತುಂಬಿಕೊಡಬೇಕೆಂದು ಲೆಕ್ಕಪತ್ರ ನ್ಯಾಯಾಲಯ ಮುಂದೆ ಆದೇಶಿಸಿತು.

ಇದರ ಪಕ್ಕದಲ್ಲಿಟ್ಟು ನೋಡಬೇಕಾದ ಇನ್ನೊಂದು ತೀರ್ಪಿದೆ. ಬೀದಿಯ ಹಾನಿಗಾಗಿ 25 ಪ್ರತಿಭಟನಕಾರರ ಮೇಲೆ ‘ಧ್ವಂಸ ಮತ್ತು ಲೂಟಿ’ಯ ಮೊಕದ್ದಮೆ ನಡೆಯಿತು. ಇದು 1930ರ ಫ್ಯಾಸಿಸ್ಟ್ ಕಾಲದ ದಂಡಸಂಹಿತೆಯ 419ನೇ ಕಲಮು. ಶಿಕ್ಷೆ 8ರಿಂದ 15 ವರ್ಷ. 2012ರ ಜುಲೈ 13ರಂದು, ಡಿಯಾಜ್ ತೀರ್ಪು ಬಂದ ಎಂಟನೆಯ ದಿನ, ಅದೇ ಕಸ್ಸೇಶನ್ ನ್ಯಾಯಾಲಯ 10 ಜನರ ಅಪರಾಧವನ್ನು ಎತ್ತಿಹಿಡಿಯಿತು. ಕೆಲವರ ಶಿಕ್ಷೆ ಹತ್ತು ವರ್ಷ ಮೀರಿತ್ತು. ಅಂಗಡಿಯ ಗಾಜಿಗೆ ಸಿಕ್ಕ ರಕ್ಷಣೆ ಮನುಷ್ಯನ ಪಕ್ಕೆಲುಬಿಗೆ ಸಿಗಲಿಲ್ಲ.

ಸ್ಟ್ರಾಸ್‌ಬರ್ಗ್ ಮತ್ತು ಚಿತ್ರಹಿಂಸೆಯ ಕಾನೂನು

ಇಟಲಿ ಚಿತ್ರಹಿಂಸೆ ವಿರುದ್ಧದ ವಿಶ್ವಸಂಸ್ಥೆಯ ಒಡಂಬಡಿಕೆಯನ್ನು 1989ರಲ್ಲೇ ಅನುಮೋದಿಸಿತ್ತು. ಆದರೂ ಅದರ ದಂಡಸಂಹಿತೆಯಲ್ಲಿ ಚಿತ್ರಹಿಂಸೆ ಎಂಬ ಅಪರಾಧವೇ ಇರಲಿಲ್ಲ. ಹಾಗಾಗಿ ಡಿಯಾಜ್‌ನಲ್ಲಿ ನಡೆದದ್ದನ್ನು ಗಾಯಪಡಿಸುವಿಕೆ ಎಂಬಂಥ ಮಾಮೂಲು ಕಲಮುಗಳಡಿ ದಾಖಲಿಸಬೇಕಾಯಿತು. ಆ ಕಲಮುಗಳ ಕಾಲಮಿತಿ ಚಿಕ್ಕದು.

ಚೆಸ್ತಾರೊ ಸ್ಟ್ರಾಸ್‌ಬರ್ಗ್‌ಗೆ ಒಯ್ದ ದೂರು ಈ ಕಂದಕವನ್ನೇ ಗುರಿಯಾಗಿಸಿತ್ತು. 2015ರ ಏಪ್ರಿಲ್ 7ರ ತೀರ್ಪಿನಲ್ಲಿ ಐರೋಪ್ಯ ಮಾನವ ಹಕ್ಕುಗಳ ನ್ಯಾಯಾಲಯ ಅವರಿಗಾದದ್ದು ಚಿತ್ರಹಿಂಸೆಯೇ ಎಂದಿತು. ಹೊಡೆದವರನ್ನು ಗುರುತಿಸಲು ಪೊಲೀಸ್ ಇಲಾಖೆ ಸಹಕರಿಸಲಿಲ್ಲ, ಅದಕ್ಕಾಗಿ ಅದನ್ನು ಯಾರೂ ಪ್ರಶ್ನಿಸಲಿಲ್ಲ ಎಂದು ದಾಖಲಿಸಿತು. ದೋಷ ಬರೀ ಆ ರಾತ್ರಿಯದಲ್ಲ, ದೇಶದ ಕಾನೂನಿನ ರಚನೆಯಲ್ಲೇ ಇದೆ ಎಂದು ಹೇಳಿ 45,000 ಯೂರೊ ಪರಿಹಾರ ಕೊಡಿಸಿತು. 2017ರ ಜೂನ್‌ನಲ್ಲಿ ಡಿಯಾಜ್‌ನ ಇನ್ನೂ ಹಲವು ಸಂತ್ರಸ್ತರ ಪರವಾಗಿಯೂ ಅಕ್ಟೋಬರ್ 26ರಂದು ಬೋಲ್ಜಾನೆತೊ ಬಂಧಿತರ ಪರವಾಗಿಯೂ ತೀರ್ಪುಗಳು ಬಂದವು.

ಈ ಒತ್ತಡದಲ್ಲಿ ಇಟಲಿಯ ಸಂಸತ್ತು 2017ರ ಜುಲೈನಲ್ಲಿ ಚಿತ್ರಹಿಂಸೆಯನ್ನು ದಂಡಸಂಹಿತೆಗೆ ಸೇರಿಸಿತು. ಸರ್ಕಾರಿ ಅಧಿಕಾರಿ ಎಸಗಿದರೆ 5ರಿಂದ 12 ವರ್ಷ ಶಿಕ್ಷೆ. ಅದೇ ತಿಂಗಳು ಅಂದಿನ ಪೊಲೀಸ್ ಮುಖ್ಯಸ್ಥ ಫ್ರಾಂಕೊ ಗಾಬ್ರಿಯೆಲ್ಲಿ ಪತ್ರಿಕಾ ಸಂದರ್ಶನದಲ್ಲಿ, ಜಿನೋವಾದಲ್ಲಿ ಪೊಲೀಸ್ ನಿರ್ವಹಣೆ ದೊಡ್ಡ ದುರಂತವಾಗಿತ್ತು, ಬೋಲ್ಜಾನೆತೊದಲ್ಲಿ ನಡೆದದ್ದು ಚಿತ್ರಹಿಂಸೆ ಎಂದು ಒಪ್ಪಿಕೊಂಡರು. ಆದರೆ ಸಂಸತ್ತಿನ ವಾಗ್ವಾದದಲ್ಲಿ ಕಾನೂನು ಸವೆದುಹೋಗಿತ್ತು. ಮಾನಸಿಕ ಆಘಾತ ‘ಪರಿಶೀಲಿಸಬಹುದಾದ’ ರೀತಿಯಲ್ಲಿರಬೇಕು ಎಂಬಂಥ ಷರತ್ತುಗಳು ಸೇರಿಕೊಂಡವು. ಜಿನೋವಾ ಪ್ರಕರಣ ನಡೆಸಿದ ನ್ಯಾಯಾಧೀಶರೂ ಪ್ರಾಸಿಕ್ಯೂಟರ್‌ಗಳೂ ಇದನ್ನು ಬಹಿರಂಗವಾಗಿ ಟೀಕಿಸಿದರು. ಆ ವರ್ಷದ ಡಿಸೆಂಬರ್‌ನಲ್ಲಿ, ಐದು ವರ್ಷದ ನಿಷೇಧ ಮುಗಿಸಿದ ಕಾಲ್ದಾರೊತ್ಸಿ ಮಾಫಿಯಾ ವಿರೋಧಿ ತನಿಖಾ ಸಂಸ್ಥೆಯ ಉಪಮುಖ್ಯಸ್ಥರಾಗಿ ನೇಮಕಗೊಂಡರು.

ಚಿತ್ರಹಿಂಸೆ ವಿರುದ್ಧದ ವಿಶ್ವಸಂಸ್ಥೆಯ ಇದೇ ಒಡಂಬಡಿಕೆಗೆ ಭಾರತವೂ 1997ರಲ್ಲಿ ಸಹಿ ಹಾಕಿದೆ, ಇನ್ನೂ ಅನುಮೋದಿಸಿಲ್ಲ. ಚಿತ್ರಹಿಂಸೆ ತಡೆ ಮಸೂದೆ 2010ರಲ್ಲಿ ಲೋಕಸಭೆಯಲ್ಲಿ ಅಂಗೀಕಾರವಾಗಿ ರಾಜ್ಯಸಭೆಯಲ್ಲಿ ನಿಂತು ರದ್ದಾಯಿತು. 2017ರಲ್ಲಿ ಕಾನೂನು ಆಯೋಗ ತನ್ನ 273ನೇ ವರದಿಯಲ್ಲಿ ಮತ್ತೆ ಶಿಫಾರಸು ಮಾಡಿತು. ಇಲ್ಲಿ ಗಂಭೀರ ಅಪರಾಧಗಳಿಗೆ ಇಟಲಿಯಂಥ ಕಾಲಮಿತಿಯಿಲ್ಲ. ಅಡ್ಡಿ ಬೇರೆಡೆ ಇದೆ: ಗುಂಪು ಚದುರಿಸುವಾಗ ಮಾಡಿದ ಕೃತ್ಯಕ್ಕೆ ಪೊಲೀಸರ ಮೇಲೆ ಮೊಕದ್ದಮೆ ನಡೆಸಲು ಸರ್ಕಾರದ ಪೂರ್ವಾನುಮತಿ ಬೇಕು.

ನಂತರದ ಪರಿಣಾಮ

ದಾನಿಯೆಲೆ ವಿಕಾರಿ ನಿರ್ದೇಶಿಸಿದ, ಡಿಯಾಜ್ ದಾಳಿಯ ಕುರಿತ ಚಲನಚಿತ್ರ 2012ರಲ್ಲಿ, ಅಂತಿಮ ತೀರ್ಪಿಗೆ ಕೆಲವೇ ತಿಂಗಳು ಮುಂಚೆ, ಬರ್ಲಿನ್ ಚಿತ್ರೋತ್ಸವದಲ್ಲಿ ತೆರೆಕಂಡಿತು. ಸಂತ್ರಸ್ತರೂ ಅವರ ತಂದೆತಾಯಿಯರೂ ಕಟ್ಟಿಕೊಂಡ ‘ಜಿನೋವಾಕ್ಕೆ ಸತ್ಯ ಮತ್ತು ನ್ಯಾಯ’ ಸಮಿತಿ ಈ ವರ್ಷಗಳುದ್ದಕ್ಕೂ ಮೊಕದ್ದಮೆಗಳ ಬೆನ್ನಿಗೆ ನಿಂತಿತು. ಬೇರೆ ಬೇರೆ ದೇಶಗಳಿಗೆ ಚದುರಿಹೋಗಿದ್ದ ದೂರುದಾರರು ಸಾಕ್ಷಿ ಹೇಳಲು ಅದೇ ನಗರಕ್ಕೆ ಮರಳಿ ಬಂದರು. ಅವರ ಈ ಹಟವಿಲ್ಲದಿದ್ದರೆ ಆ ಸುಳ್ಳು ಮಹಜರೇ ಇತಿಹಾಸವಾಗಿ ಉಳಿಯುತ್ತಿತ್ತು.

ಚಿತ್ರಹಿಂಸೆ ವಿರುದ್ಧದ ಇಟಲಿಯ ಹೊಸ ಕಾನೂನು ಬಳಕೆಗೂ ಬಂದಿದೆ. 2021ರ ಜನವರಿಯಲ್ಲಿ ಫೆರಾರಾ ಜೈಲಿನ ಒಬ್ಬ ಸಿಬ್ಬಂದಿಗೆ ಚಿತ್ರಹಿಂಸೆಯ ಅಪರಾಧಕ್ಕಾಗಿ ಶಿಕ್ಷೆಯಾಯಿತು. 2020ರ ಏಪ್ರಿಲ್‌ನಲ್ಲಿ ಸಾಂತಾ ಮಾರಿಯಾ ಕಾಪುವಾ ವೆತೆರೆ ಜೈಲಿನಲ್ಲಿ ಕೈದಿಗಳನ್ನು ಥಳಿಸಿದ ಪ್ರಕರಣದಲ್ಲಿ ನೂರಕ್ಕೂ ಹೆಚ್ಚು ಜನರ ವಿಚಾರಣೆ 2022ರಲ್ಲಿ ಆರಂಭವಾಯಿತು. ಪೊಲೀಸರ ಹೆಲ್ಮೆಟ್ ಮೇಲೆ ಗುರುತಿನ ಸಂಖ್ಯೆ ಇರಬೇಕೆಂಬ ಬೇಡಿಕೆಯನ್ನು ಮಾತ್ರ ಇಟಲಿಯ ಸಂಸತ್ತು ಜಿನೋವಾದ ಇಪ್ಪತ್ತನೆಯ ವರ್ಷದವರೆಗೂ ಕಾನೂನಾಗಿಸಿರಲಿಲ್ಲ.